ಗಂಗಕ್ಕ ಓಡಿಸಿದ ಗಾಡಿ

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಹಣೆಗೆ ಮೂರು ಬೆರಳಗಲ ವಿಭೂತಿ ಬಳಿದುಕೊಂಡ, ಅರವತ್ತು ದಾಟಿದ ಹೆಂಗಸೊಬ್ಬರು ನೆಲಕ್ಕೆ ಅಂಟಿಕೊಂಡಂತಿದ್ದ ಹಳದಿ ಸ್ಪೋರ್ಟ್ಸ್ ಕಾರಿನೊಳಗೆ ಇಳಿಯುವುದನ್ನು ಮಧುಗಿರಿಯ ಜನ ಏಳೆಂಟು ವರ್ಷ ನೋಡಿದರು. ಆ ಕಾರನ್ನು ಹತ್ತಿದರು ಅನ್ನುವಂತಿರಲಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕಿತ್ತು. ಅಷ್ಟು ವರ್ಷ ನೋಡಿದರೂ ಜನಕ್ಕೆ ಸಾಕಾಗಲಿಲ್ಲ. ಭಾನುವಾರ ಬೆಳಗಾದರೆ ಸಿಮೆಂಟ್ ಗೋಡೌನಿನ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುವವನೊಬ್ಬ ಇದ್ದೇ ಇರುತ್ತಿದ್ದ.

"ಅಕ್ಕಾ, ಮೈಲೇಜ್ ಎಷ್ಟು ಕೊಡ್ತೈತೆ?"

"ಕೊಡೋದು ಬೇಕಂದಿದ್ರೆ ಎಮ್ಮೆ ಸಾಕ್ತಿದ್ದೆ ಕಣ್ಲಾ. ಹೋಗತ್ಲಾಗೆ!"

ಇವರೇ ಸಿದ್ದಗಂಗಮ್ಮ, ಊರಿನವರ ಬಾಯಲ್ಲಿ ಗಂಗಕ್ಕ. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಮಾಡುತ್ತಿದ್ದೆ. ಗಂಗಕ್ಕನ ಕೋಪ ಕಂಡು ಮೊದಮೊದಲು ಹೆದರಿದೆ, ಆಮೇಲೆ ನಕ್ಕೆ. ಈಗ ಆ ಕೋಪ ನನ್ನದೇ ಆಗಿದೆ. ಇದನ್ನು ತಣ್ಣಗೆ ಬರೆಯಲು ನನ್ನಿಂದ ಆಗುತ್ತಿಲ್ಲ.

ಗಂಗಕ್ಕನ ಅಪ್ಪ ತೀರಿಕೊಂಡಾಗ ಕಬ್ಬಿಣ, ಸಿಮೆಂಟಿನ ಅಂಗಡಿಯನ್ನು ಅಣ್ಣ ಬೇಡವೆಂದ. ಮದುವೆಯ ಮಾತು ನಡೆಯುತ್ತಿದ್ದ ಹುಡುಗಿ ಬಂದು ಗಲ್ಲಾದ ಮುಂದೆ ಕೂತಳು. ಗಂಡಿನವರು ಎದ್ದು ಹೋದರು, ಅವಳು ಏಳಲಿಲ್ಲ. ಮೂವತ್ತೈದು ವರ್ಷ ಲಾರಿ ಡ್ರೈವರುಗಳ ಜೊತೆ, ಮೇಸ್ತ್ರಿಗಳ ಜೊತೆ ಜಗಳವಾಡಿಕೊಂಡೇ ಅಂಗಡಿ ಬೆಳೆಸಿದರು. ತಿರುಮಣಿಯ ಕಡೆ ಸೋಲಾರ್ ಪಾರ್ಕ್ ಬಂದ ಕಾಲಕ್ಕೆ ಬೇಲಿಯ ಕಂಬ, ಸಿಮೆಂಟು, ಕಬ್ಬಿಣ ಅಂತ ವ್ಯಾಪಾರ ಉಕ್ಕಿತು. ಆಗ ಒಂದು ದಿನ ಬೆಂಗಳೂರಿಗೆ ಹೋದವರು ಈ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದರು. ಜರ್ಮನಿಯದು. ಎರಡೇ ಬಾಗಿಲು, ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ನೆಂಟರೆಲ್ಲ ಸಾವಿಗೆ ಬಂದವರಂತೆ ಬಂದು ಕೂತರು. ಅದೇ ದುಡ್ಡಿಗೆ ತುಮಕೂರಿನಲ್ಲಿ ಸೈಟು ಬರುತ್ತಿತ್ತಲ್ಲ ಎಂದರು.

"ಸೈಟ್ ಮೇಲೆ ಕೂತ್ಕಂಡು ಎಲ್ಲಿಗ್ ಹೋಗ್ಲಿ?" ಎಂದು ಗಂಗಕ್ಕ ಕೇಳಿದರಂತೆ.

ಒಂದು ಭಾನುವಾರ ಅವರೇ ಕೆಳಗಿನಿಂದ ಕೂಗಿದರು. "ಶೈಲಾ ಮೇಡಂ, ರೂಮಲ್ಲಿ ಕೂತ್ಕಂಡು ಏನ್ಮಾಡ್ತೀರಿ? ಪಕ್ಕದ್ ಸೀಟು ಖಾಲಿ ಐತೆ." ಅವತ್ತಿನಿಂದ ಆ ಸೀಟು ನನ್ನದಾಯಿತು. ಕೆಲವೇ ವಾರದಲ್ಲಿ 'ಮೇಡಂ' ಹೋಗಿ ಬರೀ ಶೈಲಾ ಆದೆ.

ಊರುಗಳ ಒಳಗೆ ಅವರಷ್ಟು ನಿಧಾನವಾಗಿ ಗಾಡಿ ಓಡಿಸುವವರನ್ನು ನಾನು ಕಂಡಿಲ್ಲ. ಪ್ರತಿ ಹಂಪ್ಸನ್ನೂ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತಿದ್ದರು. ಹಂಪ್ಸ್ ಹಾಕಿಸಿದ ಪಂಚಾಯ್ತಿ ಮೆಂಬರುಗಳಿಗೆ ದಾರಿಯುದ್ದಕ್ಕೂ ಬೈಗುಳ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರಿನ ಮೇಲೆ ಹರಡಿದ್ದರೆ ನಾನೇ ಇಳಿದು ಹುಲ್ಲು ಸರಿಸಬೇಕಿತ್ತು. ಪಾವಗಡ ದಾಟಿ ಸೋಲಾರ್ ಬೇಲಿಗಳ ನಡುವೆ ನೇರ ರಸ್ತೆ ಸಿಕ್ಕಾಗ ಮಾತ್ರ ಕನ್ನಡಿಯಲ್ಲಿ ಹಿಂದೆ ನೋಡಿ, ಕಣ್ಣಿಗೆ ಕಾಣುವಷ್ಟು ದೂರ ಮುಂದೆ ನೋಡಿ, "ಈಗ ಕೇಳು" ಎನ್ನುತ್ತಿದ್ದರು. ಗೇರು ಇಳಿಸುತ್ತಿದ್ದರು. ಬೆನ್ನ ಹಿಂದೆ ಎಂಜಿನ್ನಿನ ಸದ್ದು ಗುರುಗುಟ್ಟುತ್ತ ಏರಿ, ಕೊನೆಗೆ ಹಾಡಿನಂತಾಗುತ್ತಿತ್ತು. ತಿರುಗಿ ನೋಡಿದರೆ ಗಂಗಕ್ಕನ ಮುಖದಲ್ಲಿ ಕೋಪದ ಸುಳಿವೇ ಇರುತ್ತಿರಲಿಲ್ಲ. ವಾರವಿಡೀ ಗಂಟಿಕ್ಕಿಕೊಂಡಿದ್ದ ಹುಬ್ಬು ಅಲ್ಲೊಂದೇ ಕಡೆ ಸಡಿಲವಾಗುತ್ತಿತ್ತು.

ಇಂಥ ಗಾಡಿ ಇಟ್ಟುಕೊಂಡವರದೇ ಒಂದು ಗುಂಪು ಬೆಂಗಳೂರಿನಲ್ಲಿತ್ತು. ಗಂಗಕ್ಕನನ್ನೂ ಫೋನಿನ ಗ್ರೂಪಿಗೆ ಸೇರಿಸಿದ್ದರು. ಒಂದು ಭಾನುವಾರ ಅವರೆಲ್ಲ ಶಿರಾ ಹೈವೇಯ ಹೋಟೆಲಿಗೆ ತಿಂಡಿಗೆ ಬಂದರು, ನಾವೂ ಹೋದೆವು. ಗಾಡಿ ಓಡಿಸಿದರೆ ಹೇಗಿರುತ್ತದೆ ಅನ್ನುವ ಮಾತು ಅಲ್ಲಿ ಅಪ್ಪಿತಪ್ಪಿಯೂ ಬರಲಿಲ್ಲ. ಯಾವ ಮಾಡೆಲ್ ಎಷ್ಟು ತಯಾರಾಗಿದೆ, ಯಾವ ಬಣ್ಣಕ್ಕೆ ಬೆಲೆ ಏರಿದೆ, ಯಾರ ಗಾಡಿಯ ಪೇಂಟು ಕಂಪನಿಯದೇ, ಬರೀ ಇದೇ. ಒಬ್ಬ ಯುವ ಡಾಕ್ಟರ್ ಮಾತ್ರ ತನ್ನ ಬಾನೆಟ್ಟಿನ ಮೇಲೆ ಕಲ್ಲು ಸಿಡಿದ ಗುರುತುಗಳನ್ನು ಸವರುತ್ತ, "ಇದು ಗೋವಾದ್ದು, ಇದು ಬಳ್ಳಾರಿದು" ಎಂದು ಹೇಳಿದ. ಉಳಿದವರು ಅವನನ್ನು ಕನಿಕರದಿಂದ ನೋಡಿದರು.

ರೋಹನ್ ಎಂಬುವರು ಗಂಗಕ್ಕನ ಗಾಡಿಯ ಸುತ್ತ ಎರಡು ಸುತ್ತು ಬಂದರು. ಅವರ ಮನೆಯಲ್ಲಿ ಗಾಜಿನ ಕೋಣೆ ಕಟ್ಟಿಸಿ ಹಲವು ಗಾಡಿ ನಿಲ್ಲಿಸಿದ್ದಾರಂತೆ, ಕೆಲವುಗಳ ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲವಂತೆ.

"ಮೇಡಂ, ಈ ಬಣ್ಣದ್ದು ದೇಶದಲ್ಲಿ ಬೆರಳೆಣಿಕೆಯಷ್ಟಿವೆ. ಇದನ್ನ ಈ ಧೂಳಲ್ಲಿ ಓಡಿಸ್ತೀರಲ್ಲ! ಒಂದೊಂದು ಕಿಲೋಮೀಟರಿಗೂ ಬೆಲೆ ಇಳೀತಾ ಇರುತ್ತೆ."

"ನಾನು ಬದುಕಿದ ಒಂದೊಂದ್ ದಿನಕ್ಕೂ ನನ್ ಆಯಸ್ಸೂ ಇಳೀತಾ ಐತೆ. ಅಂಗಂತ ಬದುಕೋದು ಬುಟ್ಬುಡ್ಲಾ?"

"ನಾನೂ ಗಾಡಿ ಪ್ರೀತಿಸೋನೇ ಮೇಡಂ. ಮುಂದಿನವರಿಗೆ ಉಳಿಸ್ತಾ ಇದೀನಿ ಅಷ್ಟೆ."

ಗಂಗಕ್ಕ ತಟ್ಟೆ ಸರಿಸಿದರು. "ನಮ್ಮಮ್ಮ ಒಂದು ರೇಷ್ಮೆ ಸೀರೆ ಇಂಗೇ ಉಳ್ಸಿದ್ಲು ಕಣಪ್ಪಾ. ಉಡ್ಲಿಲ್ಲ, ಯಾರಿಗೂ ಉಡಕ್ಕೆ ಕೊಡ್ಲಿಲ್ಲ. ಅವ್ಳು ಹೋದ್ಮೇಲೆ ಬಿಚ್ಚಿದ್ರೆ ಮಡಿಕೆ ಮಡಿಕೆಗೂ ಹರ್ದಿತ್ತು. ನಿನ್ ಗಾಜಿನ್ ಮನೇಲಿ ಇರೋದೂ ಅದೇಯ."

ರೋಹನ್ ನಕ್ಕು ಮತ್ತೆ ಗಾಡಿಯ ಕಡೆ ತಿರುಗಿದರು. ಒಳ್ಳೆಯ ರಸ್ತೆ ಎಲ್ಲಿದೆ ಎಂದು ಮತ್ತೊಬ್ಬ ಕೇಳಿದಾಗ ಗಂಗಕ್ಕನಿಗೆ ತಮ್ಮ ಸೋಲಾರ್ ರಸ್ತೆಯ ಹೆಮ್ಮೆ ತಡೆಯಲಾಗಲಿಲ್ಲ. ಎಲ್ಲರನ್ನೂ ಆ ಕಡೆ ಕರೆದೊಯ್ದರು. ಪಾವಗಡ ಇನ್ನೂ ದೂರವಿರುವಾಗಲೇ ಹಿಂದಿದ್ದ ಎರಡು ಗಾಡಿಗಳು ನಮ್ಮನ್ನು ದಾಟಿ ಹಾರಿದವು. ಒಂದು ಹಳ್ಳಿಯ ತಿರುವಿನಲ್ಲಿ ನಾವು ಕಂಡಿದ್ದು ಚೆಲ್ಲಾಪಿಲ್ಲಿಯಾದ ಕುರಿಮಂದೆ, ರಸ್ತೆಯ ಮೇಲೆ ಒದ್ದಾಡುತ್ತಿದ್ದ ಒಂದು ಗಬ್ಬದ ಕುರಿ. ಗುದ್ದಿದವನು ಗಾಡಿಯಿಂದ ಇಳಿಯಲೂ ಇಲ್ಲ. ಕಿಟಕಿಯಿಂದ ನೋಟುಗಳನ್ನು ಎಸೆದು ಗೇರು ಹಾಕಿದ. ಗಂಗಕ್ಕ ಹಳದಿ ಗಾಡಿಯನ್ನು ಅವನ ಮುಂದೆ ಅಡ್ಡ ನಿಲ್ಲಿಸಿ ಇಳಿದರು.

"ಇಳಿಯೋ ಕೆಳಗೆ! ಭಿಕ್ಷೆ ಹಾಕ್ತೀಯಾ? ಎತ್ತು ಆ ಕುರಿನ. ನಿನ್ ಸೀಟ್ ಮೇಲೆ ಮಲಗ್ಸು. ನಡಿ ಪಶು ಆಸ್ಪತ್ರೆಗೆ!"

ಅವನು ಇಳಿದ. ಆದರೆ ಎತ್ತುವಷ್ಟರಲ್ಲಿ ಕುರಿ ತಣ್ಣಗಾಗಿತ್ತು. ಕುರಿ ಕಾಯುವ ಮುದುಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಂಗಕ್ಕ ಸಮಾಧಾನ ಹೇಳಲು ಬಗ್ಗಿದರೆ ತಲೆ ಎತ್ತದೆಯೇ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ: "ನಿಂದೂ ಅದೇ ಬಂಡಿ ಕದಮ್ಮಾ?"

ಗಂಗಕ್ಕ ನೆಟ್ಟಗಾಗಿ ಗಾಡಿಯ ಕಡೆ ನಡೆದರು. ವಾಪಸ್ ಬರುವಾಗ ನೇರ ರಸ್ತೆಯಲ್ಲೂ ಎತ್ತಿನ ಗಾಡಿಯಂತೆ ಬಂದರು. "ಅವ್ರುನ್ನ ಕರ್ಕಂಡ್ ಬಂದೋಳು ನಾನೇ ಅಲ್ವೇನೆ?" ಎಂದಷ್ಟೇ ಹೇಳಿದರು. ಮನೆಗೆ ಬಂದು ಆ ಗ್ರೂಪಿನಿಂದ ಹೊರಬಂದರು. ಮಾರನೆಯ ವಾರ ಒಬ್ಬರೇ ಹೋಗಿ ಆ ಮುದುಕನನ್ನು ಹುಡುಕಿದರು. ಅವನು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ ಎಂದರು.

ಆಮೇಲೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ಮಾತು ತುಸು ತೊದಲಿತು. ಅಂಗಡಿಯಲ್ಲಿ ಅಣ್ಣನ ಮಗ ಲೋಕೇಶ ಕೂತ. ಗಾಡಿಗೆ ಹೊದಿಕೆ ಬಿತ್ತು. ಕ್ಲಚ್ ತುಳಿಯುವ ಕಾಲೇ ಹೋದ ಮೇಲೆ ಇನ್ನೇನು ಎಂದು ಎಲ್ಲರೂ ಅಂದುಕೊಂಡರು, ಗಂಗಕ್ಕ ಅಂದುಕೊಳ್ಳಲಿಲ್ಲ.

"ನಿಂಗೆ ಎಡಗಾಲ್ ನೆಟ್ಟಗೈತೆ, ನಂಗೆ ಬಲಗೈ ನೆಟ್ಟಗೈತೆ. ಇನ್ನೇನೇ ಬೇಕು?"

ನಾನು ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರು ಓಡಿಸಿ ಲೈಸೆನ್ಸ್ ಪಡೆದಿದ್ದವಳು. ಆದರೂ ಸ್ಟಿಯರಿಂಗ್ ಹಿಡಿದೆ. ಎಡಗಡೆಯ ಸೀಟಿನಲ್ಲಿ ಗಂಗಕ್ಕ, ಅವರ ಬಲಗೈ ಗೇರಿನ ಮೇಲೆ. "ತುಳಿ" ಅಂದರೆ ನಾನು ಕ್ಲಚ್ ತುಳಿಯುತ್ತಿದ್ದೆ, ಅವರು ಗೇರು ಹಾಕುತ್ತಿದ್ದರು, "ಬುಡು ಮೆಲ್ಲಗೆ" ಅಂದರೆ ಬಿಡುತ್ತಿದ್ದೆ. ಊರು ದಾಟುವಷ್ಟರಲ್ಲಿ ಹತ್ತಾರು ಸಲ ಎಂಜಿನ್ ನಿಂತಿತು, ಅಷ್ಟೂ ಸಲ ಬೈದರು. ಸೋಲಾರ್ ರಸ್ತೆಗೆ ಬರುವ ಹೊತ್ತಿಗೆ ನನ್ನ ಕಾಲು, ಅವರ ಕೈ ಒಬ್ಬಳದೇ ಮೈಯಿನಂತೆ ಆಗಿದ್ದವು. "ಒತ್ತು! ಇನ್ನೂ ಒತ್ತೇ!" ಎಂದು ತೊದಲುತ್ತ ಕೂಗಿದರು. ಬಾಯಿಯ ಒಂದೇ ಮಗ್ಗುಲಲ್ಲಿ ನಕ್ಕರು. ನಾನು ಅಷ್ಟು ವೇಗವಾಗಿ ಯಾವತ್ತೂ ಹೋಗಿರಲಿಲ್ಲ, ಇನ್ನು ಹೋಗುವುದೂ ಇಲ್ಲ.

ಮನೆಗೆ ಬಂದರೆ ಲೋಕೇಶ ಗೋಡೌನಿನ ಮುಂದೆ ಕಾಯುತ್ತಿದ್ದ. ಅತ್ತೆ ಹೇಗಿದ್ದಾರೆ ಎಂದು ಕೇಳಲಿಲ್ಲ, ನೇರ ಗಾಡಿಯ ಬಳಿಗೆ ಹೋಗಿ ಬಗ್ಗಿದ. "ಒಂದು ಗೀರು ಬಿದ್ದಿದ್ರೆ ಯಾರ್ ಮೇಡಂ ಜವಾಬ್ದಾರಿ? ಇದರ ಬೆಲೆ ಏನು ಗೊತ್ತಾ ನಿಮಗೆ?"

ಬೀಗದ ಕೈ ಅವತ್ತೇ ಅವನ ಜೇಬು ಸೇರಿತು. ರೋಹನ್ ಅವನಿಗೆ ಎಂದೋ ಫೋನ್ ಮಾಡಿದ್ದರು ಅನ್ನುವುದು ನನಗೆ ಆಮೇಲೆ ತಿಳಿಯಿತು. ಇನ್ಷೂರೆನ್ಸ್ ಕಟ್ಟಬೇಕು ಎಂದು ಹೇಳಿ ಲೋಕೇಶ ಮಾರಾಟದ ಪತ್ರಕ್ಕೆ ಅತ್ತೆಯ ಸಹಿ ಹಾಕಿಸಿಕೊಂಡ. ಒಂದು ಬೆಳಿಗ್ಗೆ ಉದ್ದನೆಯ ಟ್ರಕ್ಕು ಬಂದು ನಿಂತಿತು. ಹಳದಿ ಗಾಡಿಯನ್ನು ಅದರ ಮೇಲೆ ಏರಿಸಿ, ಪಟ್ಟಿ ಬಿಗಿದು, ಬಟ್ಟೆ ಹೊದಿಸಿದರು. ಗಂಗಕ್ಕ ವಾಕರ್ ಹಿಡಿದು ಜಗಲಿಗೆ ಬಂದು ನಿಂತರು. ಟ್ರಕ್ಕಿನವರನ್ನು ಕೂಗಿದರು.

"ಲೇ, ಓಡುಸ್ಕಂಡಾದ್ರೂ ಹೋಗ್ರೋ! ಹೆಣ ಹೊತ್ಕಂಡ್ ಹೋದಂಗೆ ಹೋಗ್ತೀರಲ್ರೋ!"

ಕೋರ್ಟಿಗೆ ಹೋಗೋಣ ಎಂದೆ. ಕೋರ್ಟು ಇರುವುದು ನಮ್ಮ ಊರಲ್ಲೇ. "ತೀರ್ಪು ಬರೋವತ್ಗೆ ನಾನಿರಲ್ಲ, ಗಾಡೀನೂ ತುಕ್ಕಾಗಿರ್ತೈತೆ" ಎಂದರು.

ಕೆಲವು ತಿಂಗಳ ಮೇಲೆ ನನ್ನ ಫೋನಿಗೆ ರೋಹನ್ ಹಾಕಿದ ಒಂದು ಮಾರಾಟದ ಜಾಹೀರಾತು ಬಂತು. ಗಾಜಿನ ಕೋಣೆ, ಮೇಲಿಂದ ಬೆಳಕು, ನಡುವೆ ನಮ್ಮ ಗಾಡಿ. ಪಾವಗಡದ ಕಲ್ಲು ಸಿಡಿದ ಗುರುತುಗಳಿಗೆ ಹೊಸ ಪೇಂಟು. ಗಂಗಕ್ಕ ಕೂತು ಸವೆದ ಸೀಟಿಗೆ ಹೊಸ ಚರ್ಮ. ಕೆಳಗೆ ಬರೆದಿತ್ತು: ವಯಸ್ಸಾದ ಮಹಿಳೆಯೊಬ್ಬರ ಬಳಿ ಇತ್ತು, ಸದಾ ಶೆಡ್ಡಿನಲ್ಲೇ, ಓಡಿಯೇ ಇಲ್ಲ ಎನ್ನುವಷ್ಟು ಕಡಿಮೆ ಓಡಿದೆ. ಮೀಟರಿನ ಚಿತ್ರವೂ ಇತ್ತು. ನಾವು ಒಂದು ವರ್ಷದ ಭಾನುವಾರಗಳಲ್ಲಿ ಓಡಿದಷ್ಟೂ ಅದರಲ್ಲಿರಲಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು.

ಅಂಗಡಿಗೆ ಇಳಿದು ಲೋಕೇಶನ ಮುಂದೆ ಫೋನ್ ಹಿಡಿದೆ. "ಎಲ್ರೂ ಮಾಡ್ತಾರೆ ಮೇಡಂ," ಎಂದ. "ಅತ್ತೆಗೆ ಅದ್ರಿಂದ ಏನ್ ನಷ್ಟ?"

ಏನು ನಷ್ಟ! ಮದುವೆ ಇಲ್ಲ, ಮಕ್ಕಳಿಲ್ಲ ಎಂದು ಜೀವನಪೂರ್ತಿ ಊರಿನ ಬಾಯಿಗೆ ಬಿದ್ದ ಒಬ್ಬ ಹೆಂಗಸು ತನಗಾಗಿ ಬದುಕಿದ್ದು ಆ ದೂರವನ್ನಷ್ಟೇ. ಗಾಡಿ ಹೋದರೆ ಹೋಗಲಿ. ಆ ದೂರವನ್ನು ಅಳಿಸುವ ಹಕ್ಕನ್ನು ಇವರಿಗೆ ಯಾರು ಕೊಟ್ಟರು? ಅದನ್ನೆಲ್ಲ ಅವನಿಗೆ ಹೇಳಿದೆ. ಅವನು ಗಿರಾಕಿಯ ಕಡೆ ತಿರುಗಿದ.

ಆ ಸಂಜೆ ಗಂಗಕ್ಕನ ಮಂಚದ ಪಕ್ಕ ಕೂತಿದ್ದಾಗ ಅವರೇ ಕೇಳಿದರು. "ಓಡುಸ್ತಾವ್ನಂತಾ ಆ ಗಾಜಿನ್ ಮನೆಯೋನು?"

ಸುಳ್ಳು ಹೇಳಬಹುದಿತ್ತು. ಅವರಿಗೆ ಕನಿಕರ ತೋರಿಸಿದರೆ ಕೆಟ್ಟ ಕೋಪ ಬರುತ್ತದೆಂದು ಗೊತ್ತಿತ್ತು. ಜಾಹೀರಾತನ್ನು ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಮೀಟರಿನ ವಿಷಯ ಬಂದಾಗ ಬಲಗೈ ಮುಷ್ಟಿಯಾಯಿತು.

"ಫೋನ್ ಹಾಕು ಅವ್ನಿಗೆ."

ಜಾಹೀರಾತಿನಲ್ಲಿದ್ದ ರೋಹನ್ ಅವರ ನಂಬರಿಗೆ ಹಾಕಿ ಗಂಗಕ್ಕನ ಕಿವಿಗೆ ಹಿಡಿದೆ. ಹಲೋ ಎಂದಿದ್ದು ನನಗೂ ಕೇಳಿಸಿತು. ಗಂಗಕ್ಕ ಒಂದೊಂದೇ ಮಾತನ್ನು ಬಾಯಿಂದ ಕಿತ್ತು ತೆಗೆದ ಹಾಗೆ ಹೇಳಿದರು. "ನಾನು ಮಧುಗಿರಿ ಸಿದ್ದಗಂಗಮ್ಮ. ಆ ಗಾಡಿ ಓಡೈತೆ ಕಣಪ್ಪಾ. ನಾನು ಓಡ್ಸಿದೀನಿ. ಧೂಳು ತಿಂದೈತೆ, ಗುಂಡಿಗ್ ಬಿದ್ದೈತೆ. ಅಂಗಂತ ಬರಿ. ಓಡಿಲ್ಲ ಅಂತ..."

ಲೈನ್ ಕಟ್ಟಾಯಿತು.

"ಇನ್ನೊಂದ್ ಸಲ ಹಾಕು."

ಹಾಕಿದೆ. ತೆಗೆಯಲಿಲ್ಲ. ಮತ್ತೆ ಹಾಕು ಎಂದರು. ಅವರಿಗೆ ನಿದ್ದೆ ಹತ್ತುವ ತನಕ ಹಾಕುತ್ತಲೇ ಇದ್ದೆ. ಅದೇ ನಾವು ಕೊನೆಯದಾಗಿ ಆಡಿದ ಮಾತು. ಮರುದಿನ ಎರಡನೇ ಸಲ ಲಕ್ವ ಹೊಡೆದು ಮಾತು ನಿಂತಿತು, ಆ ವಾರದಲ್ಲೇ ಹೋದರು.

ಜಾಹೀರಾತಿನ ಕೆಳಗೆ ನಾನು ಬರೆದೆ. ಅಳಿಸಿದರು. ಮತ್ತೆ ಬರೆದೆ. ನನ್ನನ್ನೇ ಬ್ಲಾಕ್ ಮಾಡಿದರು. ಅದಕ್ಕೇ ಇಲ್ಲಿ, ಅವರ ಕೈಗೆ ಎಟುಕದ ಕಡೆ ಬರೆಯುತ್ತಿದ್ದೇನೆ: ಆ ಹಳದಿ ಗಾಡಿ ಓಡಿದೆ. ಮಧುಗಿರಿಯ ಸಿದ್ದಗಂಗಮ್ಮ ಓಡಿಸಿದ್ದಾರೆ. ನಾನು ಪಕ್ಕದಲ್ಲಿ ಕೂತಿದ್ದೆ.