ಜೋಳದ ಕಾಳು ನಿಂತ ಟೈರು

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವನಿಗೆ ಒಂದು ಹಳೆಯ ಲಾರಿ ಇತ್ತು. ಅದು ಹೊರಡುವ ಮುನ್ನ ಆಕೆ ಸೆರಗಿನ ಗಂಟಿನಿಂದ ಜೋಳದ ಕಾಳು ತೆಗೆದು ಟೈರಿನ ಬಿರುಕಿಗೆ ಒತ್ತುತ್ತಿದ್ದಳು. "ಕಾಳು ನಿಂತ್ರ ಬಿರುಕು ಆಳ ಅದ, ಟೈರ್ ಇಳಸು" ಎನ್ನುವುದು ಆಕೆಯ ರೂಲ್.

ರಜೆ ಮುಗಿದು ಕಾನ್ವೆಂಟಿಗೆ ಹೊರಟ ನಾನು ಲಿಂಗಸುಗೂರಿನವರೆಗೆ ಅದೇ ಲಾರಿ ಹತ್ತಿದ್ದೆ. ಮುಂದಿನ ಟೈರಿನಲ್ಲಿ ಕಾಳು ನಿಂತಿತು.

"ಇನ್ನೊಂದು ಟ್ರಿಪ್ ಬರ್ತದ ಬಿಡ್ರೆಕ್ಕಾ. ಒತ್ತಿ ನೋಡಾಕ ಇದೇನು ರೊಟ್ಟಿ ಹಿಟ್ಟೇನು?" ಎಂದು ಡ್ರೈವರ್ ನಕ್ಕ.

"ಒಳಗ ಹುಡುಗಿ ಕುಂತಾಳ. ಇಳಸಲೇ!"

ಟೈರು ಬದಲಾಯಿತು. ಲೇಟಾಗಿ ತಲುಪಿ ಸಿಸ್ಟರ್ ಕೈಲಿ ಬೈಸಿಕೊಂಡ ನನಗೆ ದೊಡ್ಡವ್ವನ ಮೇಲೆ ಸಿಟ್ಟೇ ಬಂದಿತ್ತು.

ಮುಂದಿನ ರಜೆಯಲ್ಲಿ ಆ ಟೈರು ಏನಾಯಿತೆಂದು ಕೇಳಿದೆ.

"ಡ್ರೈವರ್ ಗಾಳಿ ತೆಗೀಲಾರ್ದನ ಅಂಗಳದಾಗ ಇಟ್ಟಿದ್ದ. ನೀ ಹೋದ ದಿನಾನ ಮಧ್ಯಾಹ್ನ ಬಿಸಿಲಿಗೆ ಢಮ್ ಅಂತು. ಕೋಳಿ ಹೆದರಿ ಮಾಳಿಗಿ ಹತ್ತಿದ್ವು, ಅಷ್ಟ."

ಹಾಗೆಂದು ಸೆರಗಿನ ಗಂಟು ಬಿಚ್ಚಿ ಕಾಳನ್ನು ಕೋಳಿಗಳಿಗೆ ಚೆಲ್ಲಿದಳು. ಥ್ಯಾಂಕ್ ಗಾಡ್ ಎಂದುಕೊಂಡೆ, ಈಗಲೂ ಎಂದುಕೊಳ್ಳುತ್ತೇನೆ.