ಭರಣಿಯೊಳಗಿನ ಇಟ್ಟಿಗೆ

ನಮ್ಮಣ್ಣ ಯುದ್ಧಕ್ಕೆ ಹೋಗಿದ್ದ ಎಂದರೆ ಪುತ್ತೂರಿನ ಶಾಲೆಯಲ್ಲಿ ನನ್ನ ಜತೆಗಿರುವ ಟೀಚರುಗಳು ಈಗಲೂ ನಂಬುವುದಿಲ್ಲ. ಹೋಗಿದ್ದು ನಿಜ, ಆದರೆ ಅವನ ಕೈಯಲ್ಲಿದ್ದದ್ದು ಬಂದೂಕಲ್ಲ, ಸಟ್ಟುಗ. ಅಡುಗೆ ಕೆಲಸಕ್ಕೆಂದು ಕುವೈತಿಗೆ ಹೋದವನನ್ನು ಕಂಪನಿಯವರು ಲಾರಿ ಹತ್ತಿಸಿ, ಗಡಿ ದಾಟಿಸಿ, ಇರಾಕಿನಲ್ಲಿದ್ದ ಒಂದು ವಿದೇಶಿ ಸೈನ್ಯದ ಶಿಬಿರದ ಮುಂದೆ ಇಳಿಸಿದರು. ಎಲ್ಲಿಗೆ ಹೋಗುವುದೆಂದು ಅವನಿಗೆ ಯಾರೂ ಹೇಳಲಿಲ್ಲವಂತೆ. ಅವನೂ ನಮಗೆ ಹೇಳಲಿಲ್ಲ. ಫೋನು ಮಾಡಿದಾಗಲೆಲ್ಲ ಕುವೈತಿನಲ್ಲಿ ಸೆಕೆ ಜಾಸ್ತಿ ಎನ್ನುತ್ತಿದ್ದ, ಅಮ್ಮ ಮಜ್ಜಿಗೆ ಕುಡಿ ಎನ್ನುತ್ತಿದ್ದಳು.

ಶಿಬಿರ ಇದ್ದದ್ದು ಬಹಳ ಹಳೆಯ ಪಟ್ಟಣವೊಂದರ ಅವಶೇಷದ ಮೇಲೆ. ಹೆಲಿಕಾಪ್ಟರ್ ಇಳಿಯಲಿಕ್ಕೆ ದಿಬ್ಬಗಳನ್ನು ಸಮ ಮಾಡಿ ಜಲ್ಲಿ ಹಾಸಿದ್ದರು. ಗುಂಡು ತಡೆಯಲು ಗೋಣಿಗಳಿಗೆ ಮಣ್ಣು ತುಂಬಿಸಿ ಸುತ್ತಲೂ ಪೇರಿಸಬೇಕಿತ್ತು. ಮಣ್ಣನ್ನು ದೂರದಿಂದ ತರುವುದು ಯಾಕೆ ಎಂದು ಕಾಲ ಕೆಳಗಿದ್ದದ್ದನ್ನೇ ಅಗೆದರು. ಊಟದ ಕೆಲಸ ಮುಗಿದ ಮೇಲೆ ಅಡುಗೆಯವರನ್ನೂ ಅದಕ್ಕೆ ಹಚ್ಚುತ್ತಿದ್ದರು. ಮಡಕೆಯ ಚೂರು, ಮೂಳೆ, ಅಕ್ಷರ ಒತ್ತಿದ ಇಟ್ಟಿಗೆಯ ತುಂಡು ಎಲ್ಲವೂ ಮಣ್ಣಿನ ಜತೆ ಗೋಣಿಯೊಳಗೆ ಹೋಗುತ್ತಿದ್ದವು. ಗೇಟಿನ ಹೊರಗೆ ಇನ್ನೊಂದು ವ್ಯಾಪಾರ. ಯಾರ್ಯಾರೋ ದಿಬ್ಬ ಅಗೆದು ತೆಗೆದ ಮಣ್ಣಿನ ಬೊಂಬೆ, ಕಲ್ಲಿನ ಮುದ್ರೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು, ಒಳಗಿನಿಂದ ಹೋಗಿ ಕೊಳ್ಳುವವರೂ ಇದ್ದರು. ಅಣ್ಣ ಇದನ್ನೆಲ್ಲ ಹೇಳುವುದು ಸಾರಿಗೆ ಎಷ್ಟು ಹುಳಿ ಹಿಂಡಬೇಕು ಎಂದು ಹೇಳುವ ಧ್ವನಿಯಲ್ಲೇ.

ಒಂದು ದಿನ ಹರಿದ ಗೋಣಿಯಿಂದ ಜಾರಿಬಿದ್ದ ಇಟ್ಟಿಗೆಯ ತುಂಡೊಂದನ್ನು ಅವನು ಎತ್ತಿಟ್ಟುಕೊಂಡ. ಊರಿಗೆ ಬರುವಾಗ ಸಾಬೂನು, ಟಾರ್ಚು, ಖರ್ಜೂರದ ಪೊಟ್ಟಣಗಳ ನಡುವೆ ಅದೂ ಬಂತು. ಎರಡು ಅಂಗೈ ಅಗಲದ ತುಂಡು, ನಮ್ಮ ಇಟ್ಟಿಗೆಗಿಂತ ಭಾರ, ಬಣ್ಣ ಬಿಸ್ಕತ್ತಿನದು. ಒಂದು ಮುಖದಲ್ಲಿ ಹಸಿ ಮಣ್ಣಿನ ಮೇಲೆ ಗುಬ್ಬಿ ನಡೆದ ಹಾಗೆ ಗೀರುಗಳು. ನಾನು ಒಮ್ಮೆ ನೋಡಿ ವಾಪಸು ಕೊಟ್ಟೆ. ನನ್ನದು ಗಣಿತ, ಚರಿತ್ರೆಯಲ್ಲ. ಅಣ್ಣ ಅದನ್ನು ಪಾಸ್‌ಪೋರ್ಟಿನ ಜತೆ ಕಪಾಟಿನಲ್ಲಿಟ್ಟು ಕಡಬದಲ್ಲಿ ಒಂದು ಹೋಟೆಲು ತೆರೆದ. ಹೋಟೆಲು ಚೆನ್ನಾಗಿ ನಡೆಯಿತು, ಇಟ್ಟಿಗೆ ಎಲ್ಲರಿಗೂ ಮರೆತುಹೋಯಿತು.

ಇಷ್ಟು ವರ್ಷಗಳಾದ ಮೇಲೆ, ಹೋದ ಮೇ ತಿಂಗಳಲ್ಲಿ, ಇರಾಕಿನ ಆ ಕಡೆಯವರೇ ಒಬ್ಬರು ಕಡಬಕ್ಕೆ ಬಂದರು. ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ, ಮೂವತ್ತು ದಾಟಿದ ಮನುಷ್ಯ. ಜತೆಯಲ್ಲಿ ಕಲಿಯುತ್ತಿದ್ದವನ ಮದುವೆಗೆಂದು ಬಂದಿದ್ದರು. ನಮ್ಮೂರಿನ ಹೋಟೆಲಿನವರಿಗೆ ಅರಬ್ಬಿ ಬರುತ್ತದೆ ಎಂದು ಮದುಮಗ ಅವರನ್ನು ಅಣ್ಣನಲ್ಲಿಗೆ ಕರೆದುಕೊಂಡು ಬಂದ. ಅಣ್ಣನ ಅರಬ್ಬಿ ಅಡುಗೆಮನೆಯ ಅರಬ್ಬಿ. ಉಪ್ಪು, ಬೆಂಕಿ, ಬೇಗ, ಸಾಕು, ಇಷ್ಟರಲ್ಲೇ ಮುಗಿಯುತ್ತದೆ. ಆದರೂ ಇಬ್ಬರೂ ನೀರುದೋಸೆ ಮುಂದಿಟ್ಟುಕೊಂಡು ಬಹಳ ಹೊತ್ತು ಮಾತಾಡಿದರಂತೆ. ಅವರ ಮನೆ ಆ ಅವಶೇಷದ ಪಕ್ಕದ ಊರಿನಲ್ಲೇ ಎಂದು ತಿಳಿದದ್ದೇ ಅಣ್ಣ ಮಾತು ಕೊಟ್ಟುಬಿಟ್ಟ. ನಿಮ್ಮ ಊರಿನದೊಂದು ವಸ್ತು ನನ್ನ ಹತ್ತಿರ ಇದೆ, ರಜೆಯಲ್ಲಿ ಮನೆಗೆ ಹೋಗುವಾಗ ತೆಗೆದುಕೊಂಡು ಹೋಗಿ, ಭಾನುವಾರ ನಮ್ಮಲ್ಲಿ ಊಟಕ್ಕೆ ಬನ್ನಿ ಎಂದ. ಅವರು ಅಣ್ಣನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರಂತೆ.

ಇಂಗ್ಲಿಷ್ ಮಾತಾಡಲು ಒಬ್ಬರು ಬೇಕೆಂದು ಅಣ್ಣ ನನ್ನನ್ನು ಪುತ್ತೂರಿನಿಂದ ಕರೆಸಿದ. ನಮ್ಮ ಮನೆ ಕೊಯಿಲದ ಹತ್ತಿರ. ನಾನು ಮುಟ್ಟುವಾಗ ಅಣ್ಣ ಕಪಾಟಿನದ್ದನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿದ್ದ. ಪಾಸ್‌ಪೋರ್ಟು ಇತ್ತು, ಇಟ್ಟಿಗೆ ಇರಲಿಲ್ಲ.

"ನೀನೆಲ್ಲಿಯಾದ್ರೂ ಶಾಲೆಗೆ ತಕೊಂಡು ಹೋಗಿದ್ದೀಯಾ?" ಎಂದು ನನ್ನನ್ನೇ ಕೇಳಿದ.

"ಮಕ್ಕಳಿಗೆ ಲೆಕ್ಕ ಹೇಳ್ಲಿಕ್ಕೆ ಇಟ್ಟಿಗೆ ಎಂತಕ್ಕೆ ಮಾರಾಯ?"

ಅವನು ನಗಲಿಲ್ಲ. ಒಬ್ಬ ಮನುಷ್ಯ ತನ್ನ ಊರಿನ ವಸ್ತು ಸಿಗುತ್ತದೆಂದು ಬಸ್ಸು ಹತ್ತಿ ಬರುತ್ತಿದ್ದಾನೆ, ಕೊಡುತ್ತೇನೆ ಎಂದವನ ಕೈ ಖಾಲಿ. ಮಂಚದ ಕೆಳಗೆ, ಅಟ್ಟದಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಹುಡುಕಿದೆವು. ಕೊನೆಗೆ ಬೆವರೊರೆಸಿಕೊಳ್ಳುತ್ತ ಅಣ್ಣ ಅಮ್ಮನನ್ನು ಕೇಳಿದ. ಮೊದಲೇ ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅಮ್ಮನನ್ನು ಕೇಳುವುದು ಯಾವಾಗಲೂ ಕೊನೆಗೇ.

"ಆ ಕಲ್ಲಾ? ಅದು ಭರಣಿಯಲ್ಲಿ ಉಂಟಲ್ಲ" ಎಂದಳು ಅಮ್ಮ.

ಹಲಸಿನ ಕಾಯಿಯ ಸೊಳೆಗಳನ್ನು ಮಳೆಗಾಲಕ್ಕೆಂದು ಉಪ್ಪು ಹಾಕಿ ಭರಣಿಯಲ್ಲಿ ತುಂಬಿಸಿಡುವುದು ನಮ್ಮ ಕಡೆಯ ಕ್ರಮ. ಉಪ್ಪುನೀರು ಬಿಟ್ಟ ಮೇಲೆ ಸೊಳೆ ತೇಲಿದರೆ ಕೆಡುತ್ತದೆ, ಅದಕ್ಕೆ ಮೇಲೆ ಒಂದು ಭಾರ ಇಡಬೇಕು. ಮನೆಗೆ ಹೊಸ ನೆಲ ಹಾಕಿದಾಗ ಅಮ್ಮನ ಹಳೆಯ ಭಾರದ ಕಲ್ಲನ್ನು ಕೆಲಸದವರು ಕಾಂಕ್ರೀಟಿಗೆ ಸೇರಿಸಿಬಿಟ್ಟಿದ್ದರು. ಅದೇ ಹೊತ್ತಿಗೆ ಕಪಾಟು ಖಾಲಿ ಮಾಡುವಾಗ ಇದು ಸಿಕ್ಕಿತು.

"ತಿನ್ನುವ ವಸ್ತುವಿನ ಮೇಲೆ ಕಾಲು ತಾಗಿದ ಕಲ್ಲು ಇಡ್ಲಿಕ್ಕೆ ಆಗ್ತದಾ? ಮನೆಯಲ್ಲಿ ಕಾಲು ತಾಗದ ಕಲ್ಲು ಅಂದ್ರೆ ಅದೊಂದೇ. ಬಿಸಿನೀರಿನಲ್ಲಿ ತೊಳೆದೇ ಇಟ್ಟದ್ದು" ಎಂದಳು. ಅವಳ ಮಾತಿನಲ್ಲಿ ಅದರ ಬಗ್ಗೆ ಗೌರವವೇ ಇತ್ತು. ಆಮೇಲಿನ ಎಲ್ಲ ವರ್ಷಗಳ ಸೊಳೆಯನ್ನೂ ಅದೇ ಒತ್ತಿ ಹಿಡಿದಿತ್ತು, ನಾನೂ ಅದರ ಪಲ್ಯ ತಿಂದು ಹೊಗಳಿದ್ದೆ.

ಅಣ್ಣ ಭರಣಿಯ ಬಟ್ಟೆ ಬಿಚ್ಚಿ, ಕೈ ಹಾಕಿ ಇಟ್ಟಿಗೆಯನ್ನು ಎತ್ತಿದ. ಎರಡೂ ಮುಖ ತಿರುಗಿಸಿ ನೋಡಿದ. ಉಪ್ಪು ಅದನ್ನು ತಿಂದುಹಾಕಿತ್ತು. ಪ್ರತಿ ವರ್ಷ ನೆನೆದು, ಒಣಗಿ, ಮತ್ತೆ ನೆನೆದು ಅಕ್ಷರವಿದ್ದ ಪದರು ಪೂರ್ತಿ ಎದ್ದುಹೋಗಿತ್ತು. ಬೆರಳು ತಾಗಿದರೆ ಹಸಿ ಹುಡಿಯಾಗಿ ಉದುರುತ್ತಿತ್ತು. ಅಣ್ಣ ಅಮ್ಮನನ್ನು ಬೈಯಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟ. ಒಂದು ತುಂಡು ಇಟ್ಟಿಗೆಗೆ ಇಷ್ಟೊಂದು ಯಾಕೆ ಎಂದು ನನಗೆ ಮೊದಲು ಸಿಟ್ಟು ಬಂತು, ಅವನ ಮುಖ ನೋಡಿದ ಮೇಲೆ ಆ ಸಿಟ್ಟು ಇಳಿಯಿತು.

ಅತಿಥಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ. ಅಣ್ಣ ಊಟಕ್ಕೆ ಮೊದಲೇ ಇಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟ. ಭರಣಿಯ ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಅವರು ಹೆಬ್ಬೆರಳಿನಿಂದ ಇಟ್ಟಿಗೆಯ ಮುಖವನ್ನು ಸವರಿ, ಅಂಟಿದ ಹುಡಿಯನ್ನು ನೋಡಿದರು.

"ಎಷ್ಟು ಸಾಲು ಇತ್ತು?" ಎಂದು ಕೇಳಿದರು.

ಅಣ್ಣ ಮೂರು ಎಂದ. ಮತ್ತೆ ನಾಲ್ಕು ಎಂದ. ಮತ್ತೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ಇಟ್ಕೊಂಡೆ, ಸರಿ ನೋಡ್ಲೇ ಇಲ್ಲ ಮಾರಾಯ್ತಿ" ಎಂದು ನಮ್ಮ ಭಾಷೆಯಲ್ಲಿ ಹೇಳಿದ. ಅದನ್ನು ನಾನು ಅನುವಾದ ಮಾಡಲಿಲ್ಲ.

ಯಾಕೆ ತೆಗೆದುಕೊಂಡಿರಿ ಎಂದು ಅವರು ಕೇಳಿದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಅಮ್ಮನಿಗೆ ತೋರಿಸಲಿಕ್ಕೆ ಎಂದು ಅಣ್ಣ ತನ್ನ ಅರಬ್ಬಿಯಲ್ಲೇ ಹೇಳಿದ. ಅಮ್ಮ ಬಾಗಿಲಲ್ಲಿ ನಿಂತು ಬಂದವರಿಗೆ ಅನ್ನ ಬಡಿಸಬಹುದೋ ಎಂದು ನನಗೆ ಕೈಸನ್ನೆ ಮಾಡುತ್ತಿದ್ದಳು.

ಆಗ ಅವರು ಅಣ್ಣನಿಗೆ ಸಮಾಧಾನ ಹೇಳಲು ಹೊರಟರು. ಅಂಥ ಇಟ್ಟಿಗೆಗಳಲ್ಲಿ ಇರುವುದು ಕಟ್ಟಿಸಿದ ರಾಜನ ಹೆಸರು, ಅವನ ತಂದೆಯ ಹೆಸರು. ಒಂದೇ ಅಚ್ಚಿನಿಂದ ಎಷ್ಟೋ ಇಟ್ಟಿಗೆಗೆ ಒತ್ತಿರುತ್ತಾರೆ. ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ ಎಂದರು.

ಅಣ್ಣನ ಮುಖ ಅರಳಿತು. "ಹಾಗಾದ್ರೆ ಅಲ್ಲಿ ಬೇರೆ ಉಂಟಲ್ಲ, ಕೇಳು" ಎಂದ. ನಾನು ಕೇಳಿದೆ.

"ಇದ್ದವು" ಎಂದರು ಅವರು. "ಬಂದವರೆಲ್ಲ ಒಂದೊಂದೇ ತೆಗೆದುಕೊಂಡು ಹೋದರು."

ಇದನ್ನು ನಾನು ಅನುವಾದ ಮಾಡಬೇಕಾಯಿತು. ಅಣ್ಣ ಕೇಳಿಸಿಕೊಂಡು ತಲೆಯಾಡಿಸಿ, ಎದ್ದು ಹೋಗಿ ಎಲೆ ಹಾಕಿದ.

ಅವರು ಚೆನ್ನಾಗಿ ಊಟ ಮಾಡಿದರು. ಹೊರಡುವಾಗ ಇಟ್ಟಿಗೆಯನ್ನು ನನಗೆ ಕೊಡಿ ಎಂದರು. ಅಕ್ಷರವಿದ್ದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಿದ್ದರು, ಇದನ್ನು ಯಾರೂ ಏನೂ ಕೇಳುವುದಿಲ್ಲ, ಮಣ್ಣು ಅಲ್ಲಿನದೇ, ಅಲ್ಲಿಗೇ ಹಾಕುತ್ತೇನೆ ಎಂದರು. ಅಮ್ಮ ಅದನ್ನು ಇನ್ನೊಮ್ಮೆ ತೊಳೆದು ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿಕೊಟ್ಟಳು.

ಅವರ ಬಸ್ಸು ಹೋದ ಮೇಲೆ ಅಮ್ಮ, ಭರಣಿ ತೆರೆದೇ ಉಂಟು, ಹೊಳೆಯಿಂದ ಒಂದು ಒಳ್ಳೆಯ ಕಲ್ಲು ತಕೊಂಡು ಬಾ ಎಂದು ಅಣ್ಣನನ್ನು ಕಳಿಸಿದಳು. ನಾನೂ ಜತೆಗೆ ಹೋದೆ. ಮೇ ತಿಂಗಳ ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಅಣ್ಣ ಒಂದು ದುಂಡಗಿನ ಕಲ್ಲನ್ನು ಆರಿಸಿ, ತೊಳೆದು, ಕೈಯಲ್ಲಿ ತೂಗಿ ನೋಡಿದ. ಆಮೇಲೆ ಬಗ್ಗಿ, ಎತ್ತಿದ ಗುಂಡಿಯಲ್ಲೇ ಅದನ್ನು ಕೂರಿಸಿ, ಬಾ ಹೋಗುವ ಎಂದ.

ಮನೆಯಲ್ಲಿ ಅಮ್ಮ ಕಲ್ಲೆಲ್ಲಿ ಎಂದು ಕೇಳಿದಳು.

"ಸಿಗ್ಲಿಲ್ಲ" ಎಂದ ಅಣ್ಣ.

ಅಮ್ಮ ಅವನನ್ನೊಮ್ಮೆ ನೋಡಿದಳು. ಮತ್ತೆ ಖಾಲಿ ಗಾಜಿನ ಬಾಟಲಿಯೊಂದಕ್ಕೆ ನೀರು ತುಂಬಿಸಿ, ಮುಚ್ಚಳ ಬಿಗಿದು, ಸೊಳೆಯ ಮೇಲೆ ಇಟ್ಟಳು.