ಬಾನೆಟ್ಟಿನ ಕೆಳಗೆ ಬಣ್ಣದಣ್ಣ

ಹಳೆಯ ಕಾರಿನ ಮೈಗೆ ಬಣ್ಣ ಹೊಡೆಯುವವರು ಎಲ್ಲಿ ಹುಡುಕಿದರೂ ಸಿಗುತ್ತಾರೆ. ಮೈಯ ಬಣ್ಣವನ್ನು ದಾರಿಹೋಕರೂ ನಿಂತು ನೋಡುತ್ತಾರೆ, ಬೆರಳಿಟ್ಟು ಸವರುತ್ತಾರೆ, ಭೇಷ್ ಎನ್ನುತ್ತಾರೆ. ಆದರೆ ಬಾನೆಟ್ ಎತ್ತಿದಾಗ ಮಾತ್ರ ಕಾಣುವ ಎಂಜಿನ್ನಿಗೆ, ಅದು ಕಾರ್ಖಾನೆಯಿಂದ ಹೊರಬಂದ ದಿನ ಯಾವ ಬಣ್ಣ ತೊಟ್ಟಿತ್ತೋ ಅದೇ ಬಣ್ಣವನ್ನು ಮರಳಿ ಕೊಡಬೇಕೆಂದು ಇಡೀ ಆಯುಷ್ಯವನ್ನೇ ತೊಡಗಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ನಾವೆಲ್ಲ ‘ಬಣ್ಣದಣ್ಣ’ ಎಂದೇ ಕರೆಯುತ್ತ ಬಂದ ನಮ್ಮ ಗ್ಯಾರೇಜಿನ ಹಿರಿಯರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಕೆಲಸವನ್ನು ಹತ್ತಿರದಿಂದ ಕಂಡವರ ನಾಲ್ಕು ಮಾತು ಇಲ್ಲಿದೆ.

ಬಣ್ಣದಣ್ಣ ಗ್ಯಾರೇಜಿಗೆ ಬಂದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಮೊದಲ ವರ್ಷಗಳೆಲ್ಲ ಎಂಜಿನ್ನಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದರಲ್ಲಿ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜುವುದರಲ್ಲಿ ಕಳೆದವು. ಬೇಸರ ಬರುವಂಥ ಆ ಕೆಲಸದಲ್ಲೇ ಅವರಿಗೊಂದು ಸಂಗತಿ ಹೊಳೆಯಿತು. ಸ್ಟಾರ್ಟರ್ ಮೋಟರನ್ನು ಬಿಚ್ಚಿದರೆ ಅದರ ಹಿಂದೆ, ಬಿಸಿಯೂ ಬೆಳಕೂ ತಾಗದ ಜಾಗದಲ್ಲಿ, ಮೊದಲ ಬಣ್ಣ ಅಂಗೈಯಗಲ ಉಳಿದಿರುತ್ತದೆ. ಕಪ್ಪೆಂದು ಎಲ್ಲರೂ ನಂಬಿದ್ದ ಎಂಜಿನ್ನು ಅಲ್ಲಿ ಬೂದು ಹಸಿರು. ಕೆಂಪೆಂದು ವಾದಿಸಿದ್ದು ಅಲ್ಲಿ ಇಟ್ಟಿಗೆಯ ಬಣ್ಣ. ಅಂದಿನಿಂದ ಅವರು ಆ ತುಣುಕನ್ನು ನೋಡದೆ ಡಬ್ಬಿಯ ಮುಚ್ಚಳ ತೆಗೆದವರಲ್ಲ. ಕಲಸಿದ ಬಣ್ಣವನ್ನು ತಗಡಿನ ಚೂರಿಗೆ ಬಳಿದು, ಒಣಗಿಸಿ, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಹಿಡಿದು ನೋಡುವರು. ಟ್ಯೂಬ್‌ಲೈಟಿನ ಮಾತನ್ನು ಅವರು ಎಂದೂ ನಂಬಲಿಲ್ಲ.

ಥಳಥಳ ಹೊಳೆಯುವ ಎಂಜಿನ್ ಬೇಕೆಂದು ಬರುವ ಗಿರಾಕಿಗಳೊಡನೆ ಅವರು ಜಗಳವಾಡುತ್ತಿರಲಿಲ್ಲ, ಒಪ್ಪಿಕೊಳ್ಳುತ್ತಲೂ ಇರಲಿಲ್ಲ. “ನಿಮ್ಮ ಗೇಟಿಗೆ ಬೇಕಾದ ಬಣ್ಣ ಹೊಡೀರಿ ಸ್ವಾಮಿ, ಇದು ಗೇಟಲ್ಲ” ಎಂದು ನಗುತ್ತ ಕಳಿಸಿಬಿಡುವರು. ಹೋದವರು ಹೆಚ್ಚಾಗಿ ಮರುವಾರವೇ ಹಿಂದಿರುಗುತ್ತಿದ್ದರು.

ಇಷ್ಟು ಬಿಗಿಯಾದ ಮನುಷ್ಯ ಜೊತೆಗಾರರ ತಪ್ಪಿನ ವಿಷಯದಲ್ಲಿ ಮಾತ್ರ ಬೆಣ್ಣೆ. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಬಣ್ಣ ತಾಗಬಾರದ ಅಲ್ಯೂಮಿನಿಯಂ ಮುಚ್ಚಳಕ್ಕೆ ಟೇಪು ಅಂಟಿಸುವುದನ್ನು ಮರೆತಳು, ಮುಚ್ಚಳವೆಲ್ಲ ಹಸಿರಾಯಿತು. ಯಜಮಾನರು ಕೂಗಾಡುತ್ತ ಬಂದಾಗ ಬಣ್ಣದಣ್ಣ ಸ್ಪ್ರೇ ಗನ್ ಕೆಳಗಿಟ್ಟು, “ಗನ್ನು ನನ್ನ ಕೈಲಿತ್ತು. ನೋಡಿ ಹೊಡೀಬೇಕಾದವನು ನಾನು” ಎಂದರು. ಆಮೇಲೆ ಅವಳ ಪಕ್ಕದಲ್ಲಿ ಕುಳಿತು, ಟೇಪಿನ ಅಂಚನ್ನು ಉಗುರಿನಿಂದ ಒತ್ತುವುದು ಹೇಗೆಂದು ತೋರಿಸಿಕೊಟ್ಟರು. ಆ ವಿಷಯ ಮತ್ತೆಂದೂ ಅವರ ಬಾಯಲ್ಲಿ ಬರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಅದು ಎಷ್ಟು ನಿಧಾನವಾಗಿ ಬಂದಿತೆಂದರೆ ಅವರಿಗೇ ತಿಳಿಯಲಿಲ್ಲ. ಒಮ್ಮೆ ಅವರು ಬಿಳಿಯ ಅಂಗಿಯನ್ನು ಹಿಡಿದು “ಇದು ಯಾಕೆ ಹಳದಿಯಾಗಿದೆ?” ಎಂದು ಎರಡನೆಯ ಸಲ ಒಗೆಯಲು ಹೊರಟಾಗ, ಅವರ ಮನೆಯವರು, ನಮ್ಮೆಲ್ಲರ ಅತ್ತಿಗೆ, “ಅಂಗಿ ನೆಟ್ಟಗಿದೆ, ನಡೀರಿ ಡಾಕ್ಟರ ಹತ್ರ” ಎಂದು ಕರೆದುಕೊಂಡು ಹೋದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ವಿಶ್ರಾಂತಿ ಮುಗಿಸಿ ಬಂದ ಬಣ್ಣದಣ್ಣ ಗ್ಯಾರೇಜಿನ ಬಾಗಿಲಲ್ಲೇ ನಿಂತರು. ಎದುರಿಗೆ ಸ್ಟ್ಯಾಂಡಿನ ಮೇಲೆ, ಕಾರಿಗೆ ಕೂರಿಸಲು ಸಿದ್ಧವಾದ ಎಂಜಿನ್ ಇತ್ತು.

“ಇದನ್ನ ಯಾರಪ್ಪ ಬಳಿದಿದ್ದು? ನೀಲಿ ಸುರಿದುಬಿಟ್ಟಿದ್ದಾರಲ್ಲ!”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಲೇತ್ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಟರ್ನರ್, “ನೀವೇ ಅಣ್ಣ” ಎಂದ.

ಅವರು ಹತ್ತಿರ ಹೋಗಿ, ಬಗ್ಗಿ, ಸ್ಟಾರ್ಟರ್ ಕೂರುವ ಜಾಗದಲ್ಲಿ ಉಳಿದಿದ್ದ ಹಳೆಯ ಬಣ್ಣವನ್ನೂ ಹೊಸ ಬಣ್ಣವನ್ನೂ ಬಹಳ ಹೊತ್ತು ನೋಡಿದರು. ಹಳದಿ ಪೊರೆಯ ಹಿಂದಿನಿಂದ ಎರಡೂ ಒಂದೇ ಆಗಿ ಕಂಡಿದ್ದವು. ಈಗ ಒಂದು ಬೂದು ಹಸಿರು, ಇನ್ನೊಂದು ನವಿಲಿನ ಕತ್ತು.

“ಕಾಣ್ತಿತ್ತು ತಾನೇ ನಿಮಗೆಲ್ಲ? ಹೇಳೋಕೇನು ಧಾಡಿ?”

“ಕಾಣ್ತಿತ್ತು. ಆದ್ರೆ ನೀವು ಸರಿ ಅಂದ್ಮೇಲೆ, ನಮ್ಮ ಕಣ್ಣೇ ಕೆಟ್ಟಿದೆ ಅಂದ್ಕೊಂಡ್ವಿ” ಎಂದ ಟರ್ನರ್. “ನಾನಂತೂ ಕನ್ನಡಕಕ್ಕೆ ಅಳತೆ ಕೊಟ್ಟು ಬಂದೆ.”

ನಗು ತಡೆಯಲಾಗದೆ ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಪೊರೆ ಬಂದ ಮೇಲೆ ಬಳಿದ ಎಂಜಿನ್ನುಗಳೆಲ್ಲ ಊರಿನಲ್ಲಿ ಓಡಾಡುತ್ತಿದ್ದವು. ಅವನ್ನು ಸರಿಪಡಿಸದೆ ನಿವೃತ್ತಿಯಾಗುವುದಿಲ್ಲ ಎಂದು ಅವರು ಅಲ್ಲೇ ತೀರ್ಮಾನಿಸಿದರು. “ಯಾರೂ ದೂರು ಕೊಟ್ಟಿಲ್ಲ, ಬಿಟ್ಹಾಕಿ” ಎಂದು ಯಜಮಾನರು ಹೇಳಿದ ಮಾತು ಗಾಳಿಗೆ ಹೋಯಿತು.

ಅಂದಿನಿಂದ ಬಣ್ಣದಣ್ಣ ಒಂದೊಂದು ಮನೆಯ ಬಾಗಿಲು ತಟ್ಟಿದರು. ಬೇಕರಿಯವರು ತಮ್ಮ ಎಂಜಿನ್ ನೀಲಿಯೋ ಹಸಿರೋ ಎಂದು ಗಮನಿಸಿಯೇ ಇರಲಿಲ್ಲ. ಕಾರು ಒಪ್ಪಿಸಿ, ಒಂದು ಬುಟ್ಟಿ ಬನ್ನು ಕೊಟ್ಟು ಕಳಿಸಿದರು. ಉಳಿದವರೂ ಬೆರಗಾಗಿಯೋ ನಗುತ್ತಲೋ ಒಪ್ಪಿದರು. ಪ್ರತಿಯೊಂದು ಎಂಜಿನ್ನೂ ಮತ್ತೆ ಕಳಚಿ, ಬಣ್ಣ ಕೆರೆದು, ಪ್ರೈಮರ್ ಹಚ್ಚಿಸಿಕೊಂಡು, ತನ್ನ ಮೊದಲ ಬಣ್ಣಕ್ಕೆ ಮರಳಿತು. ಒಂದು ಮಾತ್ರ ಉಳಿಯಿತು. ಅದು ಪಿಯಾನೊ ಕಲಿಸುವ ಟೀಚರಮ್ಮನವರದು. ಅವರು ಬಾನೆಟ್ಟನ್ನು ತಾವೇ ಎತ್ತಿ, ಒಳಗೆ ನೋಡಿ, ತಲೆಯಾಡಿಸಿದರು.

“ನನಗೆ ಈ ಬಣ್ಣ ಹಿಡಿಸಿದೆ. ಬೇಡ.”

“ಅಮ್ಮಾ, ಇದು ತಪ್ಪು ಬಣ್ಣ.”

“ಇರಬಹುದು. ಗಾಡಿ ನನ್ನದು ತಾನೇ? ನಿಮ್ಮ ಸಮಾಧಾನಕ್ಕೆ ನಾನು ತಿಂಗಳುಗಟ್ಟಲೆ ನಡ್ಕೊಂಡು ಓಡಾಡ್ಲಾ?”

ಬಣ್ಣದಣ್ಣ ಬರಿಗೈಯಲ್ಲಿ ಮರಳಿದರು. ಹಲವು ದಿನ ಊಟ ರುಚಿಸಲಿಲ್ಲವಂತೆ. ಅತ್ತಿಗೆಗೆ ಕೊನೆಗೆ ರೇಗಿತು: “ಆಯಮ್ಮ ಚೆನ್ನಾಗಿದೆ ಅಂದ್ರೂ ನಿಮಗೆ ನೋವಾ? ಈ ಮನೇಲಿ ನನ್ನ ಅಡುಗೇನ ಹಾಗಂದೋರೇ ಇಲ್ಲ!” ಮರುದಿನ ಬಣ್ಣದಣ್ಣ ಮತ್ತೆ ಟೀಚರಮ್ಮನ ಮನೆಗೆ ಹೋದರು. ಈ ಸಲ ಬಣ್ಣದ ಡಬ್ಬಿ ಕೈಯಲ್ಲಿರಲಿಲ್ಲ.

“ಇರಲಿ ಬಿಡಿ ಅಮ್ಮ. ಒಂದೇ ಒಂದು ಕೇಳ್ಕೋತೀನಿ. ಬಾನೆಟ್ ತೆಗೆದಾಗ ಯಾರಾದ್ರೂ ಕೇಳಿದ್ರೆ, ಇದು ತಪ್ಪು ಬಣ್ಣ, ಬಳಿದವನು ನಾನು ಅಂತ ಹೇಳ್ಬೇಕು.”

“ಹೇಳ್ತೀನಿ” ಎಂದರು ಟೀಚರಮ್ಮ. “ನನಗೆ ಇಷ್ಟ ಅಂತಾನೂ ಹೇಳ್ತೀನಿ. ಅದಕ್ಕೆ ಅಡ್ಡಿ ಇಲ್ಲ ತಾನೇ?”

ಬಣ್ಣದಣ್ಣ ತುಸು ಯೋಚಿಸಿ, ಅಡ್ಡಿಯಿಲ್ಲ ಎಂದರು. ಗ್ಯಾರೇಜಿಗೆ ಬಂದವರೇ ಯಜಮಾನರಿಗೆ, “ಇನ್ನು ನನ್ನನ್ನ ಕಳಿಸಿಕೊಡಿ” ಎಂದು ತಾವಾಗಿಯೇ ಹೇಳಿದರು.

ಕಳೆದ ವಾರ ಅವರು ಬಾಗಿಲ ಬಳಿ ತಗಡಿನ ಚೂರು ಹಿಡಿದು ನಿಂತಿದ್ದಾಗ ಟರ್ನರ್ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು ಹೋಗಿ, ಎರಡು ಸಲ ಕೆಮ್ಮಿ, “ಅಣ್ಣ, ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ” ಎಂದ. ಬಣ್ಣದಣ್ಣ ಚೂರನ್ನು ಓರೆಯಾಗಿ ಹಿಡಿದು ನೋಡಿದರು, ಅವನ ಕೈಗೂ ಕೊಟ್ಟು ನೋಡಿಸಿದರು. “ಇಲ್ಲ, ಸರಿಯಾಗೇ ಇದೆ” ಎಂದು ಅವನ ಬೆನ್ನ ಮೇಲೆ ಕೈಯಿಟ್ಟರು. “ಆದ್ರೆ ಹೇಳಿದೆಯಲ್ಲ ಮಾರಾಯ!” ಅಷ್ಟು ಸಂತೋಷವಾಗಿ ಅವರು ನಕ್ಕದ್ದನ್ನು ನಾವು ಕಂಡಿರಲಿಲ್ಲ.

ಬಣ್ಣದಣ್ಣನವರಿಗೂ ಅತ್ತಿಗೆಗೂ ಆರೋಗ್ಯ, ನೆಮ್ಮದಿ, ದೀರ್ಘಾಯುಷ್ಯ ದೊರೆಯಲಿ. ಮನಸ್ಸು ಬಂದಾಗಲೆಲ್ಲ ಅವರು ಗ್ಯಾರೇಜಿಗೆ ಬಂದು ಬಣ್ಣ ಕಲಸುತ್ತಿರಲಿ. ಅವರು ಕಲಸಿದ್ದನ್ನು ಇನ್ನು ಮುಂದೆ ನಾವೂ ಕಣ್ಣುಬಿಟ್ಟು ನೋಡುತ್ತೇವೆ. ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತೇವೆ.